ದಾವಲಬಿಯ ಕೈಯಲ್ಲಿ ಸಿಪಾರಾ

ರೋಷನಬಿ ಖಾಲಾ ನಮಗೆ ಕುರಾನ ಓದಲು ಕಲಿಸಿದ್ದು ಹಗೆ ತೀರಿಸಿಕೊಳ್ಳಲು. ಹೀಗೆಂದರೆ ನಮ್ಮ ಚಾಳಿನ ಹಿರಿಯರಿಗೆ ಇಂದಿಗೂ ಸಿಟ್ಟು ಬರುತ್ತದೆ. ಬರಲಿ.

ಖಾಲಾ ಎಂದರೆ ಚಿಕ್ಕಮ್ಮ, ಚಾಳಿನ ಹುಡುಗಿಯರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದೆವು. ಅವಳು ಗಜೇಂದ್ರಗಡದ ಕಡೆಯವಳು. ಊರಿನಲ್ಲಿ ತಂದೆಯ ಪಕ್ಕ ಕುಳಿತು ಚಿಕ್ಕಂದಿನಲ್ಲೇ ಕುರಾನ ಕಲಿತಿದ್ದಳು. ಮದುವೆಯಾಗಿ ಕುರ್ಲಾಕ್ಕೆ, ನಮ್ಮ ಚಾಳಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಉಳ್ಳವರ ಮನೆಯ ಪಾತ್ರೆ ತಿಕ್ಕಿ ಹೊಟ್ಟೆ ಹೊರೆಯುತ್ತಿದ್ದಳು. ಆ ಉಳ್ಳವರಲ್ಲಿ ದಾವಲಬಿಯೇ ದೊಡ್ಡವಳು. ಅವಳ ಗಂಡನದು ಸ್ಟೇಷನ್ ಹತ್ತಿರ ಭಂಗಾರದ, ಅಂದರೆ ಗುಜರಿ ಸಾಮಾನಿನ ಅಂಗಡಿ. ಹಳೇ ಕಬ್ಬಿಣ ಮಾರಿ ಬಂದ ಸೊಕ್ಕೆಲ್ಲ ಹೆಂಡತಿಯ ಮೂಗಿನ ತುದಿಯಲ್ಲಿತ್ತು.

೧೯೬೮ರಲ್ಲಿ ದಾವಲಬಿಯ ಮಾವ ಸತ್ತ. ಸತ್ತವರ ಹೆಸರಿನಲ್ಲಿ ಕುರಾನ ಓದಿಸುವಾಗ ಅದರ ಮೂವತ್ತು ಭಾಗಗಳನ್ನು, ಅಂದರೆ ಸಿಪಾರಾಗಳನ್ನು, ಬಂದವರಿಗೆ ಹಂಚುತ್ತಾರೆ. ಎಲ್ಲರೂ ಒಟ್ಟಿಗೆ ಓದಿದರೆ ಒಂದೇ ಹೊತ್ತಿಗೆ ಪೂರ್ತಿ ಮುಗಿಯುತ್ತದೆ. ರೋಷನಬಿಯೂ ಕೈಕಾಲು ತೊಳೆದು ವಜು ಮಾಡಿ, ಹೆಂಗಸರ ಕೋಣೆಯ ಮೂಲೆಯಲ್ಲಿ ಕುಳಿತು ಒಂದು ಸಿಪಾರಾ ತೆಗೆದುಕೊಂಡಳು. ದಾವಲಬಿ ಬಂದು ಅದನ್ನು ಕಿತ್ತುಕೊಂಡಳು.

"ನಿನಗ್ಯಾಕ ಇದು? ಎಂಜಲ ತಾಟು ಹಂಗ ಬಿದ್ದಾವು. ನಡಿ."

ಯಾರೂ ಬಾಯಿ ಬಿಡಲಿಲ್ಲ. ನನ್ನ ತಾಯಿಯೂ ಅಲ್ಲೇ ತಲೆ ತಗ್ಗಿಸಿ ಕುಳಿತಿದ್ದಳು, ಅವಳ ಮಗ್ಗುಲಲ್ಲಿ ಹದಿಮೂರು ವರ್ಷದ ನಾನು. ರೋಷನಬಿ ಎದ್ದು ಕೋಣೆಯ ಮಗ್ಗುಲಲ್ಲಿ ಪಾತ್ರೆ ತೊಳೆಯುವ ಮೋರಿಗೆ ಹೋಗಿ ತಾಟು ತಿಕ್ಕಿದಳು. ತಿಕ್ಕಿದ ರಭಸಕ್ಕೆ ಪಾತ್ರೆಯ ಕಲಾಯಿ ಎದ್ದು ಹೋಯಿತೆಂದು ದಾವಲಬಿ ಬೈದದ್ದು ಬೇರೆ.

ಇದೇ ಮನೆಯಲ್ಲಿ, ಇವಳ ಕೈಯಿಂದಲೇ ಸಿಪಾರಾ ಪಡೆಯದೆ ಬಿಡುವುದಿಲ್ಲ ಎಂದು ರೋಷನಬಿ ಅವತ್ತೇ ಹಟ ತೊಟ್ಟಳು. ಅದಕ್ಕೆ ತನ್ನ ಪರವಾಗಿ ಬಾಯಿ ಬಿಡುವವರು ಬೇಕಿತ್ತು. ಅವಳ ಕಣ್ಣು ನಮ್ಮ ಮೇಲೆ ಬಿತ್ತು.

ಚಾಳಿನಲ್ಲಿ ನಮ್ಮಂಥ ದೊಡ್ಡ ಹುಡುಗಿಯರು ಬೇಕಾದಷ್ಟಿದ್ದರೂ ಕುರಾನ ಓದಲು ಯಾರಿಗೂ ಬರುತ್ತಿರಲಿಲ್ಲ. ಅಂಗಿಗೆ ಗುಂಡಿ ಹಚ್ಚುವುದರಲ್ಲೇ ಕಲಿಯುವ ವಯಸ್ಸು ಕಳೆದಿತ್ತು. ಇನ್ನು ಮೂಗು ಸುರಿಸುವ ಚಿಳ್ಳೆಪಿಳ್ಳೆಗಳ ಜೊತೆ ಕುಳಿತು ಅಲಿಫ್ ಬೇ ಎಂದು ಅಕ್ಷರ ಒದರಲು ನಾಚಿಕೆ. ರೋಷನಬಿ ನಮ್ಮನ್ನು ನಲ್ಲಿಯ ಹತ್ತಿರ ಹಿಡಿದಳು.

"ನಮಾಜಿನಾಗ ಹೇಳೋ ಸೂರಾ ಬಾಯಿಪಾಠ ಬರ್ತಾವಲ್ಲ?"

"ಬರ್ತಾವ ಖಾಲಾ."

"ಹಂಗಾರ ಅರ್ಧಾ ಕಲ್ತಂಗ. ಬಾಯಿಗೆ ಗೊತ್ತೈತಿ, ಕಣ್ಣಿಗೆ ತೋರ್ಸೋದಷ್ಟ ಬಾಕಿ."

ಬಾಯಿಪಾಠ ಬರುವ ಸೂರಾದ, ಅಂದರೆ ಆ ಅಧ್ಯಾಯದ ಪುಟ ತೆರೆದು ನಮ್ಮ ಬೆರಳನ್ನು ತಾನೇ ಹಿಡಿದು ಸಾಲಿನ ಮೇಲೆ ಇಡುತ್ತಿದ್ದಳು. "ಬೆರಳು ಇಡು. ನಿಧಾನ ಹೇಳು." ಹೇಳುತ್ತ ಹೋದಂತೆ ಬೆರಳಿನ ಕೆಳಗಿನ ಅಕ್ಷರ ಗುರುತು ಹತ್ತುತ್ತಿತ್ತು. ಮೊದಲ ಸಲ ಹಾಗಾದಾಗ ನನಗೆ ಅಳು ಬಂತು. "ಅಳೋದು ಆಮ್ಯಾಲೆ, ಮುಂದಿನ ಸಾಲು" ಎಂದು ಬೆನ್ನಿಗೆ ಗುದ್ದಿದಳು. ಇಷ್ಟೊಂದು ಅವಸರ ಯಾಕೆಂದು ಕೇಳಿದೆ.

"ನೀವು ಅಲ್ಲಾಗೋಸ್ಕರ ಓದ್ರಿ. ನಾ ದಾವಲಬಿಗೋಸ್ಕರ ಕಲಿಸ್ತೀನಿ."

ಅಂದವಳೇ ಕೆನ್ನೆ ಬಡಿದುಕೊಂಡು "ತೋಬಾ ತೋಬಾ" ಎಂದಳು. ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

೧೯೭೪ರಲ್ಲಿ ದಾವಲಬಿಯ ಅತ್ತೆ ತೀರಿಕೊಂಡಳು. ನಲವತ್ತನೆಯ ದಿನ ಓದಿಸಬೇಕು. ಹಿಂದೆ ಓದುತ್ತಿದ್ದ ಹೆಂಗಸರಲ್ಲಿ ಕೆಲವರು ಸತ್ತಿದ್ದರು, ಕೆಲವರು ಊರಿಗೆ ಮರಳಿದ್ದರು. ಚಾಳಿನ ಹುಡುಗಿಯರಿಗೆ ಓದು ಬರುತ್ತದೆಂದು ಕೇಳಿ ದಾವಲಬಿ ನಮಗೆ ಹೇಳಿ ಕಳಿಸಿದಳು. ರೋಷನಬಿಗೂ ಹೇಳಿ ಕಳಿಸಿದಳು, ಪಾತ್ರೆಗೆ.

ಸಿಪಾರಾಗಳನ್ನು ದಾವಲಬಿಯೇ ಹಂಚಿದಳು. ನಾವು ಎದೆಗವಚಿ ಹಿಡಿದು ಸುಮ್ಮನೆ ಕುಳಿತೆವು. ಕೊನೆಯದೊಂದು ಅವಳ ಕೈಯಲ್ಲಿ ಉಳಿಯಿತು.

"ಯಾಕ್ರೇ, ಸುರು ಮಾಡ್ರಿ."

"ನಮ್ಮ ಖಾಲಾ ಕುಂಡ್ರೋತನಕ ನಾವು ತೆರ್ಯೋದಿಲ್ರಿ," ಎಂದೆ ನಾನು.

"ಯಾವ ಖಾಲಾ?"

ಎಲ್ಲರೂ ಮೋರಿಯ ಕಡೆ ನೋಡಿದೆವು. ದಾವಲಬಿಯ ಮುಖ ಕಪ್ಪಿಟ್ಟಿತು. ಓದು ಮುಗಿಯಲೆಂದು ಆಚೆ ಕೋಣೆಯಲ್ಲಿ ಗಂಡಸರು ಕಾಯುತ್ತಿದ್ದರು, ಬೇರೆ ದಾರಿಯಿರಲಿಲ್ಲ. ಮೋರಿಗೆ ಹೋಗಿ ಸಿಪಾರಾ ಚಾಚಿದಳು.

"ತಗೋ ರೋಷನಬಿ. ಬಾ, ಕುಂಡ್ರು."

"ಕೈ ಎಂಜಲ ಐತ್ರಿ ಆಪಾ. ತಡೀರಿ, ತಾಟು ಮುಗೀಲಿ."

ಸಿಪಾರಾವನ್ನು ನೆಲಕ್ಕಿಡುವಂತಿಲ್ಲ. ಹಿಡಿದುಕೊಳ್ಳಿರೆಂದರೆ ನಮ್ಮೆಲ್ಲರ ಕೈಯೂ ತುಂಬಿತ್ತು. ದಾವಲಬಿ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಮೋರಿಯ ಒದ್ದೆಯಲ್ಲಿ ನಿಂತೇ ಇದ್ದಳು. ರೋಷನಬಿ ತಿಕ್ಕಿದ ತಾಟನ್ನೇ ಮತ್ತೆ ತಿಕ್ಕಿದಳು. ದಾವಲಬಿಯ ತೋಳು ನಡುಗತೊಡಗಿದ್ದನ್ನು ನಾನು ಕಣ್ತುಂಬ ನೋಡಿದೆ. ಅಂಥ ಸುಖ ನನಗೆ ನನ್ನ ಮದುವೆಯ ದಿನವೂ ಆಗಲಿಲ್ಲ.

ಕೊನೆಗೆ ರೋಷನಬಿ ವಜು ಮಾಡಿ, ಕೈ ಒರೆಸಿಕೊಂಡು, ಸಿಪಾರಾ ಪಡೆದು ಕಣ್ಣಿಗೊತ್ತಿಕೊಂಡಳು. ಮೂಲೆಗೆ ಹೋಗಲಿಲ್ಲ, ಕೋಣೆಯ ನಟ್ಟನಡುವೆ ಕುಳಿತಳು.

"ನೀವೂ ಬರ್ರಿ ಆಪಾ. ನಿಮ್ಮ ಅತ್ತೀ ಹೆಸರಿಂದು, ಮೊದಲನೇ ಸಾಲು ನೀವ ಓದ್ರಿ."

ದಾವಲಬಿ ಕುಳಿತಳು. ರೋಷನಬಿ ತೆರೆದು ಹಿಡಿದ ಪುಟ ನೋಡಿದಳು. ತುಟಿ ಅಲುಗಲಿಲ್ಲ. ಅವಳಿಗೆ ಓದಲು ಬರುವುದಿಲ್ಲವೆಂದು ನಮಗೆ ಗೊತ್ತಾದದ್ದು ಆವಾಗ. ಯಾವಾಗಲೂ ಹಂಚುವವಳಾದ್ದರಿಂದ ಓದುವ ಪ್ರಸಂಗವೇ ಬಂದಿರಲಿಲ್ಲ. ಮೋರಿಯಿಂದ ಎಲ್ಲವನ್ನೂ ನೋಡುತ್ತಿದ್ದ ರೋಷನಬಿಗೆ ಮಾತ್ರ ಅದು ಮೊದಲೇ ಗೊತ್ತಿತ್ತು. ಅವಳು ದಾವಲಬಿಯ ಉಂಗುರದ ಬೆರಳು ಹಿಡಿದು ಸಾಲಿನ ಮೇಲೆ ಇಟ್ಟಳು.

"ಬೆರಳು ಇಡ್ರಿ. ನಾ ಹೇಳ್ದಂಗ ನಿಧಾನ ಹೇಳ್ರಿ. ಬಿಸ್ಮಿಲ್ಲಾ..."

ದಾವಲಬಿ ಏನೋ ಗೊಣಗಿದಳು.

"ಹುಡಿಗ್ಯಾರಿಗೆ ಕೇಳ್ಸಲಿಲ್ರಿ," ಎಂದಳು ರೋಷನಬಿ. "ಜೋರಾಗಿ."

ದಾವಲಬಿ ಜೋರಾಗಿ ಹೇಳಿದಳು. ಆಮೇಲೆ ನಾವು ನಮ್ಮ ನಮ್ಮ ಸಿಪಾರಾ ತೆರೆದೆವು.