ಕರಿ ನಾಲ್ಕರ ಪಟ್ಟಿ

ಆ ಗದ್ದಲದ ಬ್ಯಾಂಡು ಯಾಕೆ ಮುಳುಗಿತು ಎಂದು ಹುಬ್ಬಳ್ಳಿಯಲ್ಲಿ ಯಾರನ್ನಾದರೂ ಕೇಳಿ, ಉತ್ತರ ತಯಾರಿರುತ್ತದೆ. ಕುಡಿತ, ಎನ್ನುತ್ತಾರೆ. ಆ ಮೂವರಲ್ಲಿ ಚಹಾಕ್ಕಿಂತ ಖಾರವಾದದ್ದನ್ನು ಕುಡಿದವನು ಒಬ್ಬನೇ, ಅವನೂ ಕ್ರಿಸ್‌ಮಸ್ಸಿಗೆ ಮಾತ್ರ. ದೃಷ್ಟಿ ತಾಗಿತು, ಎನ್ನುತ್ತಾರೆ. ದೃಷ್ಟಿಗೆ ಅಷ್ಟು ಬಲವಿದ್ದರೆ ಊರ ಸಾವುಕಾರರ ಒಂದು ಮಾಳಿಗೆಯೂ ನಿಲ್ಲುತ್ತಿರಲಿಲ್ಲ. ಪರದೇಶದ ಹಾಡು ಈ ನೀರಿಗೆ ಒಗ್ಗುವುದಿಲ್ಲ ಎಂದು ಧಾರವಾಡದ ಕಡೆ ತಲೆಯಾಡಿಸುವವರೂ ಇದ್ದಾರೆ. ಒಗ್ಗಿತ್ತು, ಒಗ್ಗಿದ್ದೇ ಕೇಡಾಯಿತು. ನಾನು ಕಾಲೇಜಿನ ಚರ್ಚಾಕೂಟದಲ್ಲಿ ತಯಾರಾದವನು, ಪುರಾವೆಯಿಲ್ಲದ ಮಾತು ನನಗೆ ಹಿಡಿಸುವುದಿಲ್ಲ. ಬ್ಯಾಂಡು ಮುಳುಗಿದ್ದು ಹಾಡುವವನ ಗಂಟಲು ಹೋದದ್ದರಿಂದ. ಗಂಟಲು ಹೋದದ್ದು ಹಾರ್ಮೋನಿಯಂ ಪೆಟ್ಟಿಗೆಯ ಒಂದು ಕರಿ ಮನೆಯಿಂದ ಅವನು ಕೆಳಗಿಳಿಯಲು ಒಪ್ಪದೆ ಹೋದದ್ದರಿಂದ. ಇದನ್ನು ನಾನು ಅಂದೇ ಸಾಧಿಸಿ ತೋರಿಸಿದ್ದೆ. ಸಾಧಿಸಿ ಏನೂ ಆಗಲಿಲ್ಲ.

ಆ ಹಾಡುವವನು ನನ್ನ ಚರ್ಚೆಯ ಜೊತೆಗಾರ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳ ಮನೆಯವನು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ನನ್ನಪ್ಪ ಸಾಲಿ ಮಾಸ್ತರು. ಬೌದ್ಧರಾದ ಮೇಲೆ ನಮ್ಮ ಮನೆಯಲ್ಲಿ ದೇವರ ಜಗುಲಿ ಇರಲಿಲ್ಲ, ಅಲ್ಲಿ ಪುಸ್ತಕ ಜೋಡಿಸಿದ್ದೆವು. ಅವರ ಮನೆಯಲ್ಲಿ ನನಗೆಂದು ಕಿವಿ ಮುರಿದ ಬೇರೆ ಕಪ್ಪು ಇಟ್ಟಿದ್ದರು. ಒಂದು ದಿನ ಅವನು ಆ ಕಪ್ಪನ್ನು ನನ್ನ ಕೈಯಿಂದ ಕಸಿದು ಉಳಿದ ಚಹಾ ಕುಡಿದು, “ಅವ್ವಾ, ನನಗೂ ಇನ್ನ ಮ್ಯಾಲ ಇದರಾಗ ಕೊಡು” ಅಂದ. ಮರುದಿನದಿಂದ ಎಲ್ಲರಿಗೂ ಒಂದೇ ತರಹದ ಕಪ್ಪು. ನಾನು ಒಂದು ತಾಸು ವಾದಿಸಿದ್ದರೂ ಗೆಲ್ಲದ ವಾದವನ್ನು ಅವನು ಒಂದು ಗುಟುಕಿನಲ್ಲಿ ಗೆದ್ದಿದ್ದ. ಅಂಥವನ ದನಿಯ ಬಗ್ಗೆ ನಾನು ಬರೆಯುತ್ತಿದ್ದೇನೆ.

ಬ್ಯಾಂಡಿನ ಉಳಿದಿಬ್ಬರ ಬಗ್ಗೆಯೂ ಹೇಳಿಬಿಡುತ್ತೇನೆ. ಗಿಟಾರಿನವನು ರೈಲ್ವೆ ಕ್ವಾರ್ಟರ್ಸಿನ ಹುಡುಗ, ಇಂಜಿನ್ ಡ್ರೈವರನ ಮಗ. ಅವನ ಚಿಕ್ಕಪ್ಪ ಮುಂಬಯಿಯಿಂದ ತಂದ ರಿಕಾರ್ಡುಗಳನ್ನು ಸವೆಯುವವರೆಗೆ ಕೇಳಿ, ರೇಡಿಯೋ ರಿಪೇರಿಯವನ ಕೈಕಾಲು ಹಿಡಿದು ತನ್ನ ಗಿಟಾರಿಗೆ ಕರೆಂಟು ಹಾಯಿಸಿಕೊಂಡಿದ್ದ. ಡ್ರಮ್ಮಿನವನ ಮನೆತನ ಲಗ್ನದ ಮೆರವಣಿಗೆಯಲ್ಲಿ ಬ್ಯಾಂಡು ಬಾರಿಸುವುದು. ಬೀದಿಯಲ್ಲಿ ನಡೆಯುತ್ತ ಬಾರಿಸಿ ಕಲಿತವನು ಕೂತು ಮೆಲ್ಲಗೆ ಬಾರಿಸು ಅಂದರೆ ಹೇಗೆ ಬಾರಿಸಿಯಾನು?

ತಾಲೀಮಿಗೆ ಜಾಗ ಬೇಕಾಯಿತು. ಗೆಳೆಯನ ಮನೆಯವರ ಹತ್ತಿ ಗೋದಾಮಿನ ಹಿಂದಿನ ಭಾಗ ಸಿಕ್ಕಿತು. ಎಲ್ಲರೂ ಖುಷಿಪಟ್ಟರು. ಸುತ್ತ ಮಾಡಿನವರೆಗೆ ಹತ್ತಿಯ ಅಂಡಿಗೆಗಳು, ಎಷ್ಟು ಒದರಿದರೂ ನೆರೆಯವರ ತಕರಾರಿಲ್ಲ. ಯಾಕಿಲ್ಲ ಎಂದು ಯಾರೂ ಯೋಚಿಸಲಿಲ್ಲ. ಹತ್ತಿ ಸದ್ದನ್ನು ನುಂಗುತ್ತದೆ. ಗಿಟಾರಿನವನಿಗೆ ತನ್ನ ಗಿಟಾರು ಸಪ್ಪೆ ಅನಿಸಿ ಗುಂಡಿ ತಿರುವಿದ. ಡ್ರಮ್ಮಿನವನು ಇನ್ನೂ ಜೋರು ಬಡಿದ. ಇವರಿಬ್ಬರ ನಡುವೆ ತನ್ನ ದನಿ ತನಗೇ ಕೇಳದೆ ಹಾಡುವವನು ಒದರಿದ. ಆಮೇಲೆ ಅದೇ ಅಳತೆಯನ್ನು ಹತ್ತಿಯಿಲ್ಲದ ಸಭಾಗೃಹಗಳಿಗೆ ಒಯ್ದರು. ರೈಲ್ವೆಯವರ ಹಾಲಿನಲ್ಲಿ ಮೊದಲ ಸಲ ಬಾರಿಸಿದಾಗ ಕಿಟಕಿಯ ಗಾಜುಗಳು ನಡುಗಿದವು. ಜನ ಕುರ್ಚಿಯ ಮೇಲೆ ಹತ್ತಿ ನಿಂತರು. ಹತ್ತಿ ಗೋದಾಮಿನ ಈ ತಪ್ಪು ನಮ್ಮ ಊರಿನಲ್ಲಿ ಹೊಸ ಸಂಗೀತವೆಂದು ಹೆಸರಾಯಿತು!

ಆ ಬ್ಯಾಂಡಿನ ಹೆಸರಾಂತ ಹಾಡುಗಳು ಮೂರೇ. ಮೊದಲನೆಯದರಲ್ಲಿ ಗಿಟಾರು ಮಾಲುಗಾಡಿಯ ಇಂಜಿನ್ನಿನಂತೆ ಏದುಸಿರು ಬಿಟ್ಟುಕೊಂಡು ಏರು ಹತ್ತುತ್ತಿತ್ತು. ಶಿರಗುಪ್ಪಿಯ ಒಂದು ಲಗ್ನದಲ್ಲಿ ಅದಕ್ಕೆ ಬೆದರಿ ಎತ್ತುಗಳು ಹಗ್ಗ ಹರಿದುಕೊಂಡು ಓಡಿ, ಬೀಗರು ಹುಡುಕಲು ಹೋಗಿ, ಊಟ ತಡವಾಯಿತು. ಎರಡನೆಯದು ಧಾರವಾಡದ ಹುಡುಗಿಯೊಬ್ಬಳು ಕೊಡೆಯ ಮರೆಯಲ್ಲಿ ಹೋಗುವ ಹಾಡು, ಅದು ಹಾಸ್ಟೆಲ್ ಹುಡುಗರದು. ಗರಗದಲ್ಲಿ ಅದನ್ನು ಹಾಡಿದಾಗ ಮುಂದಿನ ಸಾಲಿನ ಖಾದಿಯ ಹಿರಿಯರು ಎದ್ದು ಹೋಗಲಿಲ್ಲ, ನೂಲಲು ಚೀಲದಲ್ಲಿಟ್ಟುಕೊಂಡಿದ್ದ ಅರಳೆಯನ್ನು ಕಿವಿಗೆ ತುರುಕಿಕೊಂಡು ಕೊನೆಯವರೆಗೂ ಕೂತರು. ನಾನು ಕಂಡ ಅತ್ಯಂತ ಸಭ್ಯ ವಿರೋಧ ಅದು.

ಮೂರನೆಯದು ಭೋಂಗಾ. ಗಿರಣಿಯ ಸೈರನ್ನಿಗೆ ನಮ್ಮಲ್ಲಿ ಹಾಗೇ ಅನ್ನುವುದು. ಬೆಳಗಿನ ಪಾಳಿಗೆ ಏಳಲಾರದ ಕೂಲಿಯವನ ಹಾಡು, ಮಾತುಗಳನ್ನು ನಾವಿಬ್ಬರೂ ರಾಯಾಪುರ ದಾಟುವ ಬಸ್ಸಿನಲ್ಲಿ ಕಟ್ಟಿದ್ದೆವು. ಕೊನೆಯಲ್ಲಿ ಗಿಟಾರು, ಡ್ರಮ್ಮು ಎರಡನ್ನೂ ಮೀರಿ ಅವನು ಭೋಂಗಾದಂತೆ ಒಂದೇ ಸ್ವರ ಎತ್ತಿ ಹಿಡಿಯುತ್ತಿದ್ದ. ಅದು ಚೀರಾಟವಲ್ಲ. ಚೀರಾಟದೊಳಗೆ ಸ್ವರವಿತ್ತು, ಸ್ವರದೊಳಗೆ ಆ ಕೂಲಿಯವನ ನಿದ್ದೆಗೆಟ್ಟ ಇಡೀ ಜನ್ಮವಿತ್ತು. ನಾನು ಯಾವುದಕ್ಕೂ ಸುಲಭದಲ್ಲಿ ಮೈಮರೆಯುವವನಲ್ಲ. ಅಲ್ಲಿ ಮರೆತಿದ್ದೇನೆ.

ಜನ ಆ ಹಾಡಿಗೆ “ವನ್ಸ್‌ಮೋರ್” ಕೂಗುತ್ತಿದ್ದರು. ಇದು ನಾಟಕ ಕಂಪನಿಗಳಿಂದ ಬಂದ ಚಾಳಿ. ನಮ್ಮ ಸೀಮೆಯಲ್ಲಿ ಸತ್ತು ಬಿದ್ದ ಪಾತ್ರಧಾರಿಯೂ ವನ್ಸ್‌ಮೋರ್ ಬಂದರೆ ಎದ್ದು, ಹಾಡಿ, ಮತ್ತೆ ಸಾಯುತ್ತಾನೆ. ಇಲ್ಲ ಎನ್ನುವ ಹಾಡುಗಾರನಿಗೆ ಮರ್ಯಾದೆಯಿಲ್ಲ. ಮತ್ತೆ ಹಾಡುವುದೂ ಅದೇ ಪಟ್ಟಿಯಲ್ಲಿ. ಪಟ್ಟಿಯೆಂದರೆ ಹಾರ್ಮೋನಿಯಮ್ಮಿನ ಯಾವ ಮನೆಯನ್ನು ಷಡ್ಜವೆಂದು ಹಿಡಿದು ಹಾಡುತ್ತೀರಿ ಎಂಬುದು. ಗೆಳೆಯನದು ಕರಿ ನಾಲ್ಕು. ಗಂಡಸಿನ ದನಿಗೆ ಅದು ಗಿಡದ ತುದಿ, ಅಷ್ಟು ಎತ್ತರ.

ಯಾಕೆ ಕರಿ ನಾಲ್ಕು? ಅವನ ಸೋದರಮಾವನದು ಕರಿ ನಾಲ್ಕು, ಅದಕ್ಕೆ. ಮಾವ ಒಂದು ಕಾಲದಲ್ಲಿ ಕಂಪನಿ ನಾಟಕದ ದೊಡ್ಡ ಹಾಡುಗಾರ, ಈಗ ಅಕ್ಕನ ಮನೆಯ ಪಡಸಾಲೆಯಲ್ಲಿ ಅಡಕೆ ಕತ್ತರಿಸುತ್ತ ಕೂತಿರುತ್ತಿದ್ದರು. ಅವರಿಗೆ ನಾನು ವಕೀಲಸಾಹೇಬ. ಗೆಳೆಯನ ದನಿ ಚರ್ಚೆಯ ವೇದಿಕೆಯಲ್ಲೂ ಒಡೆಯಲು ಶುರುವಾದಾಗ ನಾನು ನೇರವಾಗಿ ಅವರ ಬಳಿಗೇ ಹೋದೆ.

“ಬರ್ರಿ ವಕೀಲಸಾಹೇಬ್ರ. ಇವತ್ತ ಯಾರ ತಲಿ ತಿನ್ನಾಕ ಬಂದೀರಿ?”

“ನಿಮ್ದ ರೀ ಮಾಮಾ. ಅವಗ ಪಟ್ಟಿ ಇಳಸು ಅಂತ ಹೇಳ್ರಿ. ದನಿ ಹರ್ಯಾಕತ್ತೈತಿ.”

“ಇಳಸೂದು?” ಅಡಕತ್ತರಿ ನಿಂತಿತು. “ನಾ ಕರಿ ನಾಕರಾಗ ಹಾಡಿದ್ರ ಹೊರಗಿನ ಟಾಂಗಾದಾಂವ ಗಾಡಿ ನಿಂದ್ರಸಿ ಕೇಳತಿದ್ದ. ಮೈಕ್ ಇರಲಿಲ್ಲ ನಮಗ. ಇವಗ ಮೈಕ್ ಐತಿ, ಕರೆಂಟ್ ಐತಿ. ಮ್ಯಾಲ ಪಟ್ಟಿನೂ ಇಳಸಬೇಕಾ? ಹಂಗಿದ್ರ ಹಾಡೂದ್ಯಾಕ, ಓದಿ ಹೇಳಲಿ!”

“ಮಾಮಾ, ನಿಮ್ಮ ಮುಂದ ಇದ್ದದ್ದು ಒಂದು ಪೆಟಗಿ, ಒಂದು ತಬಲಾ. ಇವನ ಬೆನ್ನಿಗೆ ಇಂಜಿನ್ ಒದರತೈತಿ. ನೀವು ಖಾಲಿ ಮೈದಾನದಾಗ ಓಡಿದ್ರಿ, ಇವ ಗಾಳಿಗೆದುರು ಓಡತಾನ. ಎರಡೂ ಒಂದ ಹೆಂಗ?”

“ಮಾತು ಛಲೋ ಆಡತಿ. ಹಾಡು, ನೋಡೂಣು.”

ಅದು ವಾದವೇ ಅಲ್ಲವೆಂದು ನನಗೆ ಗೊತ್ತು. ಆದರೆ ಪಡಸಾಲೆಯಲ್ಲಿ ಕೂತು ನಕ್ಕ ಮನೆಮಂದಿಗೆ ಅದು ಗೊತ್ತಾಗಬೇಕಲ್ಲ.

ಅದೇ ಮಾತನ್ನು ಗೋದಾಮಿನಲ್ಲಿ ಬ್ಯಾಂಡಿನವರ ಮುಂದಿಟ್ಟೆ. ಗಿಟಾರಿನವನು ಹೆಗಲು ಕುಣಿಸಿದ. “ನನಗೇನು ಕಷ್ಟ ಮ್ಯಾನ್? ಎರಡು ಮನಿ ಕೆಳಗ ಕೈ ಇಡತೇನಿ, ಅಷ್ಟ.” ಡ್ರಮ್ಮಿಗೆ ಪಟ್ಟಿಯ ಗೊಡವೆಯೇ ಇಲ್ಲ. ಉಳಿದದ್ದು ಗೆಳೆಯನೊಬ್ಬನ ಹೂಂ.

“ನೀ ಹೇಳೂದು ಖರೇ ಐತಿ,” ಅಂದ. “ಆದ್ರ ಇಳಸಂಗಿಲ್ಲ.”

“ಖರೇ ಇದ್ರ ಯಾಕಲೇ?”

“ಒಮ್ಮೆ ಇಳಿಸಿದ್ರ ಮುಗೀತು. ಊರಿಗೆ ಗೊತ್ತಾಗತೈತಿ.”

“ಯಾರ ಕಿವಿ ಅಷ್ಟು ಚೂಪೈತಿ?”

“ಹುಬ್ಬಳ್ಳಿ-ಧಾರವಾಡಲೇ ಇದು. ಇಲ್ಲಿ ಟಾಂಗಾದ ಕುದುರಿಗೂ ಪಟ್ಟಿ ತಿಳೀತೈತಿ.”

ಎದುರಾಳಿ ನಿಮ್ಮ ಮಾತು ನಿಜವೆಂದು ಒಪ್ಪಿ, ಆದರೂ ಒಲ್ಲೆ ಎಂದರೆ ಏನು ಮಾಡಬೇಕೆಂದು ಯಾವ ಚರ್ಚಾಕೂಟದಲ್ಲೂ ಹೇಳಿಕೊಡುವುದಿಲ್ಲ.

ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಭೋಂಗಾಕ್ಕೆ ವನ್ಸ್‌ಮೋರಿನ ಮೇಲೆ ವನ್ಸ್‌ಮೋರ್ ಬಂತು, ಅವನು ಪ್ರತಿ ಸಲವೂ ಹಾಡಿದ. ಕೆಳಗಿಳಿದು ಬಂದು ಕರವಸ್ತ್ರಕ್ಕೆ ಉಗುಳಿದಾಗ ಕೆಂಪಿತ್ತು. ಎಲೆ ಅಡಿಕೆ, ಅಂದ. ಅವನು ಎಲೆ ಅಡಿಕೆ ತಿನ್ನುವವನಲ್ಲ. ಡಾಕ್ಟರು ಸಣ್ಣ ಕನ್ನಡಿ ಹಾಕಿ ನೋಡಿದರು. “ದನಿ ಹೊರಡೂ ಜಾಗಾದಾಗ ಗಂಟಾಗ್ಯಾವ. ಹಾಡಂತೂ ಬ್ಯಾಡ, ಮಾತೂ ಬಂದ್ ಮಾಡ್ರಿ. ಕರಗಿದ್ರೂ ಕರಗಬಹುದು. ಕರಗೂದ್ರೊಳಗ ಮತ್ತ ಒದರಿದ್ರ ನನ್ನ ಕಡೆ ಬರಬ್ಯಾಡ್ರಿ.” ಅವ್ವ ಹರಕೆ ಹೊತ್ತಳು, ಮಾವ ಜ್ಯೇಷ್ಠಮಧು ಅರೆದು ನೆಕ್ಕಿಸಿದರು, ಯಾರೋ ಮಠದಿಂದ ಭಸ್ಮ ತಂದರು. ನಾನು ಒಂದಕ್ಕೂ ಆಕ್ಷೇಪ ಎತ್ತಲಿಲ್ಲ. ಅವನು ಸುಮ್ಮನಿದ್ದನಲ್ಲ, ಅಷ್ಟು ಸಾಕಿತ್ತು. ಆ ಚಳಿಗಾಲವೆಲ್ಲ ನಾನೊಬ್ಬನೇ ಮಾತಾಡಿದೆ, ಅವನು ಹುಬ್ಬಿನಲ್ಲೇ ನನ್ನ ಅರ್ಧ ವಾದಗಳನ್ನು ಹೊಡೆದು ಹಾಕಿದ. ದನಿ ನಿಜಕ್ಕೂ ತಿಳಿಯಾಗುತ್ತಿತ್ತು. ಡಾಕ್ಟರು ನಕ್ಕದ್ದನ್ನು ನಾನೇ ನೋಡಿದೆ. ಇನ್ನೂ ಸ್ವಲ್ಪ ಕಾಲ, ಅಂದರು.

ಆ ಸ್ವಲ್ಪ ಕಾಲ ನಮಗೆ ಸಿಗಲಿಲ್ಲ. ರೈಲ್ವೆ ಮೈದಾನದಲ್ಲಿ ಸಂಜೆಯ ಕಾರ್ಯಕ್ರಮ, ಮುಂಬಯಿಯಿಂದ ಯಾರೋ ಕೇಳಲು ಬರುತ್ತಾರೆಂಬ ಸುದ್ದಿ. ಗಿಟಾರಿನವನು ಬೇಡಿಕೊಂಡ. ಒಂದೇ ಸಲ ಹಾಡುವುದು, ವನ್ಸ್‌ಮೋರ್ ಇಲ್ಲ ಎಂದು ಗೆಳೆಯ ನನ್ನ ಕೈಮೇಲೆ ಕೈಯಿಟ್ಟು ಹೇಳಿದ. ಪಟ್ಟಿ? ಅದನ್ನು ಕೇಳಿದ್ದಕ್ಕೆ ಮುಖ ತಿರುಗಿಸಿದ. ಮುಂದಿನ ಸಾಲಿನಲ್ಲಿ ಮಾವ ಜರಿಯ ರುಮಾಲು ಸುತ್ತಿಕೊಂಡು ಕೂತಿದ್ದರು.

ಭೋಂಗಾ ಹಾಡಿದ. ಕರಿ ನಾಲ್ಕು, ಪೂರಾ, ಸ್ವಚ್ಛ. ನನ್ನ ವಾದ ಸುಳ್ಳಾಯಿತೆಂದು ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಆಮೇಲೆ ಮೈದಾನವೆಲ್ಲ ವನ್ಸ್‌ಮೋರ್ ಅಂತ ಎದ್ದು ನಿಂತಿತು. ಅವನು ಕೈಮುಗಿದ. ಕೂಗು ಏರಿತು. ನಾನು ವೇದಿಕೆ ಹತ್ತಿ ಮೈಕು ಹಿಡಿದೆ.

“ಮಹನೀಯರೇ, ಈ ಮನುಷ್ಯನ ಗಂಟಲಲ್ಲಿ ಗಾಯವಿದೆ. ನೀವು ಮೆಚ್ಚಿದ್ದು ನಿಜವಾದರೆ ಆ ಗಂಟಲನ್ನು ಉಳಿಸಿ. ನಾಳೆ ಕೇಳಬೇಕೆಂದರೆ ಇಂದು ಬಿಡಿ...”

ಚೆನ್ನಾಗಿಯೇ ಮಾತಾಡಿದೆ. ಜನ ನಕ್ಕರು, ಚಪ್ಪಾಳೆ ಹೊಡೆದರು. ಹಿಂದಿನಿಂದ ಒಬ್ಬ ಒದರಿದ: “ಭಾಷಣಕ್ಕೂ ವನ್ಸ್‌ಮೋರ್!” ಇಡೀ ಮೈದಾನ ಅದನ್ನೇ ಹಿಡಿಯಿತು. ಮಾತಿನಿಂದ ಮನುಷ್ಯನನ್ನು ತಡೆಯಬಹುದು ಎಂಬ ನನ್ನ ನಂಬಿಕೆ ಆ ನಗೆಯಲ್ಲಿ ಹೋದದ್ದು ಮತ್ತೆ ಬಂದಿಲ್ಲ. ಗೆಳೆಯ ನನ್ನ ಭುಜ ಹಿಡಿದು ಮೆತ್ತಗೆ ಪಕ್ಕಕ್ಕೆ ಸರಿಸಿದ. “ಸಾಕಲೇ. ಇಳಿ ಕೆಳಗ,” ಅಂದ. ತುಂಬಿದ ದನಿಯಲ್ಲಿ ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಭೋಂಗಾ ಮತ್ತೆ ಶುರುವಾಯಿತು. ಕೊನೆಯ ಸ್ವರಕ್ಕೆ ಅವನು ಬಾಯಿ ತೆರೆದ. ಕೊರಳ ನರ ಉಬ್ಬಿತು. ಗಿಟಾರು ಕಾಯುತ್ತ ನಿಂತಿತು. ಏನೂ ಬರಲಿಲ್ಲ. ಜನ “ಮೈಕ್! ಮೈಕ್!” ಎಂದು ಕೂಗಿದರು. ಮೈಕಿನವನು ಓಡಿ ಬಂದು ತಂತಿ ಎಳೆದ, ಬೆರಳಿನಿಂದ ಬಡಿದ. ಠಣ್ ಠಣ್ ಎಂದು ಮೈದಾನದ ತುದಿಯವರೆಗೂ ಕೇಳಿಸಿತು. ಮೈಕು ಸರಿಯಾಗಿಯೇ ಇತ್ತು.

ಮತ್ತೆ ಡಾಕ್ಟರು, ಮೀರಜಿನ ದೊಡ್ಡ ಡಾಕ್ಟರು. ಉಳಿದದ್ದು ಪಿಸುಮಾತು. ಗಿಟಾರಿನವನು ಗೋವೆಗೆ ಹೋದ, ಡ್ರಮ್ಮಿನವನು ಮೆರವಣಿಗೆಗೆ ಮರಳಿದ. ಮುಂಬಯಿಯಿಂದ ಯಾರೂ ಬಂದಿರಲಿಲ್ಲವಂತೆ. ಮಾವ ಒಂದು ಮಧ್ಯಾಹ್ನ ನನ್ನನ್ನು ಪಡಸಾಲೆಗೆ ಕರೆದು ಕೂರಿಸಿಕೊಂಡರು. ಅಡಕತ್ತರಿ ಕೈಯಲ್ಲಿತ್ತು, ಕತ್ತರಿಸುತ್ತಿರಲಿಲ್ಲ.

“ನಾವೂ ಇಳಿಸಿದ್ವಿ, ತಮ್ಮಾ,” ಅಂದರು. “ಕಡೀ ಕಡೀಗೆ ಪೆಟಗಿಯವಗ ಕಣ್ಣ ಸನ್ನಿ ಮಾಡತಿದ್ದೆ. ಅಂವ ಕರಿ ಎರಡು ಹಿಡೀತಿದ್ದ. ಒಬ್ಬ ಮಗನೂ ಗುರ್ತ ಹಿಡೀಲಿಲ್ಲ.”

“ಅವಗ ಯಾಕ ಹೇಳಲಿಲ್ರಿ?”

“ಹೆಂಗ ಹೇಳೂದು?”

ನಾನು ಎದ್ದು ಬಂದೆ. ಬೈಯಲು ಬೇಕಾದ ಮಾತೆಲ್ಲ ನಾಲಗೆಯ ತುದಿಯಲ್ಲಿತ್ತು. ಅದರಿಂದ ಯಾರಿಗೆ ಏನು ಬರುತ್ತಿತ್ತು?

ಮೊನ್ನೆ ಅವರ ಮನೆಗೆ ಹೋದಾಗ ಅವ್ವ ಮಹಡಿಯ ಕಡೆ ತೋರಿಸಿದಳು. “ದಿನಾ ಮುಂಜಾನಿ ಬಾಗಲಾ ಹಾಕ್ಕೊಂಡು ಕೂಡ್ತಾನಪ್ಪಾ. ಏನ ಮಾಡ್ತಾನ ನೋಡು.” ಹತ್ತಿ ಹೋದೆ. ಮಾವನ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡು ಕೂರು ಎಂದು ಕೈ ಮಾಡಿದ. ಕರಿ ನಾಲ್ಕನ್ನು ಒತ್ತಿದ, ಬಾಯಿ ತೆರೆದ. ಪೆಟ್ಟಿಗೆಯ ಸ್ವರ ಕೋಣೆಯಲ್ಲಿ ತುಂಬಿತು. ಅವನಿಂದ ಬಂದದ್ದು ಉಸಿರು.

“ಕೇಳಸ್ತಾ?” ಎಂದು ಪಿಸುಗುಟ್ಟಿದ.

ಹೌದು ಎಂದು ಹೇಳಬಹುದಿತ್ತು. ಬೇರೆ ಯಾರಾದರೂ ಹೇಳುತ್ತಿದ್ದರು. ನಮ್ಮಿಬ್ಬರ ನಡುವೆ ಆ ಪದ್ಧತಿ ಇರಲಿಲ್ಲ.

“ಇಲ್ಲ,” ಅಂದೆ.

ತಲೆಯಾಡಿಸಿದ. ಬೆರಳನ್ನು ಒಂದು ಮನೆ ಕೆಳಗೆ ಸರಿಸಿದ. ಬಾಯಿ ತೆರೆದ. ನನ್ನ ಮುಖ ನೋಡಿದ. ಇಲ್ಲ, ಅಂದೆ. ಮತ್ತೂ ಒಂದು ಮನೆ ಕೆಳಗೆ. ಅಷ್ಟು ವಾದಿಸಿದರೂ ಇಳಿಯದವನು ಈಗ ಯಾರೂ ಹೇಳದೆಯೇ ಒಂದೊಂದಾಗಿ ಇಳಿಯುತ್ತಿದ್ದ, ಕರಿ ಎರಡನ್ನು ದಾಟಿ, ಬಿಳಿ ಒಂದನ್ನು ದಾಟಿ, ಮಂದ್ರದ ಗೊಗ್ಗರು ಮನೆಗಳಿಗೆ. ಪ್ರತಿ ಸಲ ನನ್ನತ್ತ ನೋಡುತ್ತಿದ್ದ, ಪ್ರತಿ ಸಲ ನಾನು ಇಲ್ಲ ಎನ್ನುತ್ತಿದ್ದೆ. ಕೊನೆಗೆ ಎಡತುದಿಯ ಮನೆಯ ಮೇಲೆ ಬೆರಳಿಟ್ಟ. ಅದರಾಚೆ ಮನೆಯಿಲ್ಲ, ಪೆಟ್ಟಿಗೆಯ ಬರಿ ಕಟ್ಟಿಗೆ.