ಚನ್ನವೀರಮ್ಮನ ಗೋಡೆ ತಿಂದ ಕೋಳಿಗಳು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮಿಲಿಟರಿ ಹೋಟೆಲು ಇಟ್ಟಿದ್ದ ನರಸಿಂಹುಲುವಿನ ಮೇಲೆ ಕುರುಗೋಡಿನ ಎರ್ರೆಪ್ಪನಿಗೆ ಇವತ್ತಿಗೂ ಸಿಟ್ಟಿದೆ. ಮೊಟ್ಟೆ ಬೇಡವಾದರೆ ಬೇಡ ಅನ್ನಬೇಕಿತ್ತು. ಅದು ಬಿಟ್ಟು, ಊಟಕ್ಕೆ ಕೂತ ಮಂದಿಯೆಲ್ಲ ನೋಡುತ್ತಿದ್ದಂತೆ ಬುಟ್ಟಿಯಿಂದ ಒಂದು ಮೊಟ್ಟೆ ಎತ್ತಿ ಎರಡು ಬೆರಳಲ್ಲಿ ಮೆತ್ತಗೆ ಅದುಮಿದ. ಲೋಳೆಯೆಲ್ಲ ಎರ್ರೆಪ್ಪನ ಅಂಗಿಯ ಮೇಲೆ ಹಾರಿತು.

"ಏನಪ್ಪಾ, ಇವು ತತ್ತಿಯೋ, ನೀರಿನ ಚೀಲಾನೋ? ಇನ್ನೊಮ್ಮಿ ಹಿಂಗ ತಂದ್ರ ಈ ಬುಟ್ಟಿ ನಿನ್ನ ತಲಿಮ್ಯಾಲ ಬೋರಲು ಹಾಕ್ತೀನಿ ನೋಡು!"

ಮಂದಿ ನಕ್ಕರು. ನಗುವವರಿಗೇನು, ಅವರ ಗಂಟು ಹೋಗುತ್ತದೆಯೇ?

ಎರ್ರೆಪ್ಪ ಮೊದಲು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದ. ಎಪ್ಪತ್ಮೂರರಲ್ಲಿ ಮೂಟೆ ಜಾರಿ ಸೊಂಟದ ಮೇಲೆ ಬಿತ್ತು, ಹಮಾಲಿ ಅಲ್ಲಿಗೇ ಮುಗಿಯಿತು. ಕುರುಗೋಡಿಗೆ ಬಂದು, ಹೊಲಮನೆಯುಳ್ಳ ಚನ್ನವೀರಮ್ಮನ ಹಿತ್ತಲಲ್ಲಿ ಹತ್ತಿಯ ರಾಶಿ ಕಾಯುತ್ತ, ಅಲ್ಲೇ ಮೂಲೆಯ ಕೋಣೆಯಲ್ಲಿ ಹೆಂಡತಿ ಊರಮ್ಮನ ಜೊತೆ ಉಳಿದುಕೊಂಡ. ಕಾವಲಿಗೆ ಜೋಳ ಸಿಗುತ್ತಿತ್ತು. ಉಳಿದ ಸಂಸಾರವೆಲ್ಲ ಸರ್ಕಾರದವರು ಹಂಚಿದ ಬಿಳಿ ಸೀಮೆಕೋಳಿಗಳ ಮೇಲೆ ನಿಂತಿತ್ತು. ಮೊಟ್ಟೆಗಿದ್ದ ಗಿರಾಕಿ ನರಸಿಂಹುಲು ಒಬ್ಬನೇ. ಅವನು ತಪ್ಪಿದರೆ ಕೋಳಿ ಮಾರಿ ಮತ್ತೆ ಮೂಟೆಗೆ ಹೆಗಲು ಕೊಡಬೇಕು. ಹೆಗಲು ಒಪ್ಪಿದರೂ ಸೊಂಟ ಒಪ್ಪುವಂತಿರಲಿಲ್ಲ.

ಚನ್ನವೀರಮ್ಮ ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯದ ಹೆಂಗಸು. ಅವಳ ಹಿತ್ತಲಲ್ಲಿ ಕೋಳಿ ಕೂಗಿದ್ದೇ ದೊಡ್ಡ ಮಾತು. "ಸಾಕ್ಕೋ ಹೋಗು. ಆದ್ರ ತತ್ತಿ ನನ್ನ ಕಣ್ಣಿಗೆ ಬೀಳಬಾರ್ದು," ಎಂದು ಹೇಳಿಯೇ ಒಪ್ಪಿದ್ದಳು.

ಅಂದು ಬಸ್ಸಿಳಿದು ಉರಿಯುತ್ತ ಬಂದ ಎರ್ರೆಪ್ಪನಿಗೆ ಕಂಡದ್ದೇನು? ಊರಮ್ಮ ಗೂಡು ತೊಳೆಯಲೆಂದು ಕೋಳಿಗಳನ್ನು ಹೊರಗೆ ಬಿಟ್ಟಿದ್ದಾಳೆ. ಅವೆಲ್ಲ ಸಾಲಾಗಿ ನಿಂತು ಚನ್ನವೀರಮ್ಮನ ಮಾವನ ಕಾಲದ, ಕಲ್ಲು ಸುಣ್ಣದ ಗಾರೆಯ ಹಿತ್ತಲಗೋಡೆಯನ್ನು ಟಕಟಕ ಕುಕ್ಕುತ್ತಿವೆ! ಕೈಗೆ ಸಿಕ್ಕ ಬಡಿಗೆ ಬೀಸಿ ಒಗೆದ.

"ಇವತ್ತು ಎಲ್ಲಾದರ ಕುತ್ತಿಗಿ ಮುರೀತೀನಿ! ತತ್ತಿ ನೆಟ್ಟಗ ಇಡಂಗಿಲ್ಲ, ಮ್ಯಾಲ ಅಮ್ಮಾರ ಗ್ವಾಡಿ ಕೆಡವಾಕ ಹತ್ಯಾವ!"

ಗದ್ದಲ ಕೇಳಿ ಚನ್ನವೀರಮ್ಮ ಹೊರಗೆ ಬಂದಳು. ಬೈಗುಳ ಶುರುವಾಯಿತೆಂದು ಎರ್ರೆಪ್ಪ ತಲೆ ಬಗ್ಗಿಸಿದ. ಆಕೆ ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಗೋಡೆಯ ಹತ್ತಿರ ಹೋಗಿ ಕೋಳಿಗಳ ಕೊಕ್ಕನ್ನೇ ಬಗ್ಗಿ ನೋಡಿದಳು.

"ಕೆಡವಾಕ ಹತ್ತಿಲ್ಲೋ ಹುಚ್ಚಪ್ಪಾ, ತಿನ್ನಾಕ ಹತ್ಯಾವ. ಏನ್ ಹಾಕ್ತಿ ಇವಕ್ಕ?"

"ತೌಡು, ನುಚ್ಚು ರೀ. ಗೂಡಿನಾಗ ಹೊಟ್ಟಿತುಂಬ ಹಾಕ್ತೀನಿ."

ಚನ್ನವೀರಮ್ಮ ಫಕ್ಕನೆ ನಕ್ಕಳು. "ನಾ ಚೊಚ್ಚಲ ಬಸರಿ ಇದ್ದಾಗ ಅಡಗಿಮನಿ ಗ್ವಾಡಿ ಕೆರಕೊಂಡು ತಿಂತಿದ್ದೆ. ನಮ್ಮತ್ತಿ ಕೈಮ್ಯಾಲ ಸೌಟಿಲೆ ಹೊಡದ್ರೂ ಬಾಯಿ ಕೇಳ್ತಿರಲಿಲ್ಲ. ಬಸರೀಗೆ ಒಂಬತ್ತು ತಿಂಗಳ ಬಯಕಿ. ಇವು ದಿನಾ ಬಸರಿ, ದಿನಾ ಬಾಣಂತಿ! ಸುಣ್ಣ ಬೇಡ್ತಾವಲೇ ಅವು. ಸಿಪ್ಪಿ ಎಲ್ಲಿಂದ ಆಗಬೇಕು?"

ಎರ್ರೆಪ್ಪನದು ಯಾವಾಗಲೂ ಅವಸರದ ಬುದ್ಧಿ. ಮರುದಿನವೇ ಎಲೆಯಡಿಕೆಯ ಸುಣ್ಣವನ್ನು ತೌಡಿಗೆ ಕಲಸಿ ಇಟ್ಟ. ಒಂದೊಂದು ಕೋಳಿಯೂ ಕೊಕ್ಕು ಹಾಕಿ, ತಲೆ ಒದರಿ, ನೀರಿನ ಮಡಿಕೆಗೆ ಓಡಿತು. ಆ ದಿನವೆಲ್ಲ ಅವು ಮೇವು ಮುಟ್ಟಲಿಲ್ಲ.

"ಹಸೀ ಸುಣ್ಣ ಹಾಕ್ತಾರೇನೋ? ನಿನ್ನ ಬಾಯಾಗ ಒಂದು ಉಂಡಿ ಇಡ್ಲ್ಯಾ?" ಅಂದು ಮಾತ್ರ ಚನ್ನವೀರಮ್ಮ ಚೆನ್ನಾಗಿಯೇ ಬೈದಳು. ಬೈಯುತ್ತಲೇ ಒಳಗಿಂದ ಹಾರೆ ತಂದು, ಮಾವನ ಗೋಡೆಯಿಂದ ತನ್ನ ಕೈಯಾರೆ ಒಂದು ಹೆಂಟೆ ಗಾರೆ ಕಿತ್ತು ಕೆಡವಿದಳು. "ಸುಡೋ ಗುಣ ಎಲ್ಲಾ ಹೋಗಿ ಎಷ್ಟೋ ವರ್ಷ ಆತು ಇದಕ್ಕ. ಜೋಳದ ಕಾಳಿನಷ್ಟು ಕುಟ್ಟು. ತೌಡಿಗೆ ಬೆರಸಬ್ಯಾಡ, ಬ್ಯಾರೆ ಒಡಕು ಮಡಿಕಿ ಬೋಕಿಯಾಗ ಇಡು. ಬೇಕಾದದ್ದು ಬೇಕಾದಷ್ಟು ತಿಂತೈತಿ."

ಎರ್ರೆಪ್ಪ ಆ ಗಾರೆಯ ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇಬಿಟ್ಟ. ಕಾವಲಿಗಿಟ್ಟುಕೊಂಡವನ ಕೋಳಿಗೆ, ಅದೂ ತಾನು ಮುಟ್ಟದ ಮೊಟ್ಟೆ ಗಟ್ಟಿಯಾಗಲೆಂದು, ಮನೆಯ ಗೋಡೆ ಕಿತ್ತು ಕೊಡುವವರು ಯಾರಿದ್ದಾರೆ?

ಬೋಕಿಯ ಗಾರೆ ದಿನವೂ ಕರಗುತ್ತ ಹೋಯಿತು. ಊರಮ್ಮ ಬೆಳಗ್ಗೆ ಗೂಡಿಗೆ ಕೈ ಹಾಕಿ ಒಂದೊಂದು ಮೊಟ್ಟೆಯನ್ನೂ ಒತ್ತಿ ನೋಡುತ್ತಿದ್ದಳು. ಮೊದಮೊದಲು ಅವೇ ತೊಗಲುಮೊಟ್ಟೆ. ಆಮೇಲಾಮೇಲೆ ಸಿಪ್ಪೆ ಕಟ್ಟಿತು. ಒಂದು ಬೆಳಗ್ಗೆ ಅವಳ ಕೈಯಿಂದ ಜಾರಿದ ಮೊಟ್ಟೆ ಒಡೆಯದೆ ಹುಲ್ಲಿನ ಮೇಲೆ ಉರುಳಿ ಹೋಯಿತು. ಗಂಡ ಹೆಂಡತಿ ಇಬ್ಬರೂ ಅದನ್ನೇ ನೋಡುತ್ತ ಕೂತರು.

ನರಸಿಂಹುಲು ಈ ಸಲ ಅದುಮಿದ, ಕಟ್ಟೆಗೆ ಕುಟ್ಟಿಯೂ ನೋಡಿದ. ಬುಟ್ಟಿ ಒಳಗೆ ತೆಗೆದುಕೊಂಡ. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಆ ಬಾಯಿಂದ ಬರಲಿಲ್ಲ.

ಗೋಡೆ ಮೊಣಕಾಲ ಮಟ್ಟಕ್ಕೆ ಇಳಿಯುವ ಹೊತ್ತಿಗೆ ಊರಮ್ಮ ಸಿರುಗುಪ್ಪದ ತವರಿಗೆ ಹೋಗಿ, ಹೊಳೆದಂಡೆಯಿಂದ ಖಾಲಿ ಚಿಪ್ಪು ಆರಿಸಿ ಚೀಲ ತುಂಬಿ ತಂದಳು. ತೊಳೆದು, ಒಣಗಿಸಿ, ಕುಟ್ಟಿ ಇಟ್ಟರೆ ಕೋಳಿಗಳು ಅದನ್ನೂ ಒಪ್ಪಿದವು. ಗೋಡೆಗೆ ಬಿಡುವು ಸಿಕ್ಕಿತು.

ಉಪಕಾರ ತೀರಿಸಬೇಕೆಂದರೆ ಎರ್ರೆಪ್ಪನ ಕೈಯಲ್ಲಿದ್ದದ್ದು ಮೊಟ್ಟೆಯೊಂದೇ, ಅದು ಆ ಮನೆಯ ಹೊಸ್ತಿಲು ದಾಟುವಂತಿಲ್ಲ. ಗೋಡೆಯನ್ನಾದರೂ ಕಟ್ಟಿ ಕೊಡುತ್ತೇನೆಂದು ಕಲ್ಲು ಎತ್ತಲು ಹೋದಾಗ ಚನ್ನವೀರಮ್ಮ ಅಡ್ಡ ಬಂದಳು. "ಇಡೋ ಕೆಳಗ! ಸೊಂಟ ಮುರಕೊಂಡು ನನ್ನ ಮ್ಯಾಲ ಹಾಕ್ತಿಯೇನು? ಮೊದ್ಲು ನೆಟ್ಟಗ ಆಗು, ಆಮ್ಯಾಲ ಕಟ್ಟೀಯಂತ."

ಎರ್ರೆಪ್ಪನ ಸೊಂಟ ನೆಟ್ಟಗಾಗಲು ವರ್ಷಗಳೇ ಹಿಡಿದವು. ಎಂಬತ್ತೊಂದರ ಬೇಸಿಗೆಯಲ್ಲಿ ಅವನು ಗಾರೆಗೆ ಮರಳು ತಂದು ಹಾಕಿದ. ಕೆಲಸ ಹಿಡಿಯುವ ಮೊದಲೇ ಚನ್ನವೀರಮ್ಮ ಲಿಂಗೈಕ್ಯಳಾದಳು. ಅವಳ ಮಕ್ಕಳಿಗೆ ಆ ಗೋಡೆ ಬೇಡವಾಗಿತ್ತು, ಅಲ್ಲಿ ತಂತಿಬೇಲಿ ಎಳೆಸಿದರು. ಬೇಲಿಯ ಈಚೆ ಎರ್ರೆಪ್ಪ ತಂದ ಮರಳು ಮಳೆಗೆ ಹರಿದು ಹೋಯಿತು.