ಕೌರಾಬಿಯ ಬಬಾಯಿ ಹೊಂಡ

ರಾಜಧಾನಿ ತಾರಾವಾದಿಂದ ಮದುವೆಯಾಗಿ ನಡುಗಡಲಿನ ಆ ಸಣ್ಣ ದ್ವೀಪಕ್ಕೆ ಬಂದ ದಿನವೇ ಅರೆಟಾಳ ಕಿವಿಗೆ ಕೌರಾಬಿಯ ಹೆಸರು ಬಿತ್ತು. ಸಭೆಮನೆಯ ಊಟಕ್ಕೆ ಇಬ್ಬರು ಗಂಡಸರು ಒಂದೇ ಒಂದು ಬಬಾಯಿ ಗಡ್ಡೆಯನ್ನು ಕೋಲಿಗೆ ಕಟ್ಟಿ, ಹೆಣ ಹೊತ್ತ ಹಾಗೆ ಹೊತ್ತು ತಂದರು. ಬಬಾಯಿ ಅಂದರೆ ಸಿಹಿನೀರು ಕಾಣುವಷ್ಟು ಆಳದ ಹೊಂಡದಲ್ಲಿ ಬೆಳೆಸುವ ಆಳೆತ್ತರದ ಕೆಸು.

“ಯಾರು ಬೆಳೆದಿದ್ದು ಅತ್ತೆ?”

“ನಿನ್ನ ಚಿಕ್ಕಮಾವ ಕೌರಾಬಿ. ಹೆಂಡ್ತೀನ ಕೇಳಿದ್ರೂ ಕೊಟ್ಟಾನು. ಬುಡಕ್ಕೆ ಏನು ಹಾಕ್ತೀಯ ಅಂತ ಮಾತ್ರ ಕೇಳ್ಬೇಡ.”

ಗಿಡದ ಸುತ್ತ ತಳವಿಲ್ಲದ ಬುಟ್ಟಿ ಹೆಣೆದು ಎಲೆ, ಕರಿಮಣ್ಣು ತುಂಬುವುದು ಊರಿಗೆಲ್ಲ ಗೊತ್ತು. ಯಾವ ಎಲೆ ಎಂಬುದನ್ನು ಕೌರಾಬಿ ಹೆಂಡತಿಗೂ ಹೇಳಲಿಲ್ಲ. ಆ ಪುಣ್ಯಾತ್ಗಿತ್ತಿ ಕೇಳಲೂ ಇಲ್ಲ. ಕೊಳೆತ ಎಲೆಯ ನಾತ ಹೊತ್ತು ಬರುವವನನ್ನು ತನ್ನ ಚಾಪೆಯಿಂದ ದೂರವಿಡುವುದೇ ಅವಳಿಗೆ ಸಾಕಾಗಿತ್ತು.

ಅರೆಟಾ ವಿಧವೆಯಾಗಿ, ಮೊಮ್ಮಕ್ಕಳನ್ನು ಕಂಡ ಮೇಲೆ ಒಂದು ವರ್ಷ ಹುಣ್ಣಿಮೆಯ ಉಬ್ಬರ ದಂಡೆ ಹತ್ತಿ ಬಂತು. ವಾರದೊಳಗೆ ಕೌರಾಬಿಯ ಗಿಡಗಳ ಎಲೆ ಅಂಚಿನಿಂದ ಹಳದಿಯಾಯಿತು. ಸಮುದ್ರದ ಮೇಲೆ ಅನುಮಾನಪಡುವುದು ಅವನ ಜಾಯಮಾನವಲ್ಲ. ಹೊಂಡದ ನೀರು ನೆಕ್ಕಿ, ನಾಲಿಗೆಗೆ ಉಪ್ಪು ಹತ್ತಿದ್ದೇ ನೆಟ್ಟಗೆ ದಾಯಾದಿ ಬೌರೋನ ಮನೆಗೆ ನಡೆದ.

“ಲೇ ಬೌರೋ, ನನ್ನ ಹೊಂಡಕ್ಕೆ ಉಚ್ಚೆ ಹೊಯ್ದಿದ್ದು ನೀನೇ ತಾನೆ?”

“ಅಷ್ಟು ಹೊಯ್ಯೋಕೆ ನಾನೇನು ತಿಮಿಂಗಿಲಾನಾ? ಈ ವಯಸ್ಸಲ್ಲಿ ನಾಕು ಹನಿ ಬಿದ್ರೆ ದೇವರಿಗೆ ಸ್ತೋತ್ರ ಹೇಳ್ತೀನಿ. ನಂದೂ ಹಳದಿ ಆಗಿದೆ, ಬಂದು ನೋಡು. ಅದಕ್ಕೆ ಹೊಯ್ದಿದ್ದು ನೀನಾ?”

ಕೌರಾಬಿ ಹೋಗಿ ನೋಡಿದ, ನೆಕ್ಕಿಯೂ ನೋಡಿದ. ಅಲ್ಲೂ ಅದೇ ಉಪ್ಪು. ತಿಂಗಳೊಳಗೆ ಅವನ ಗಿಡಗಳು ಒಂದೊಂದಾಗಿ ಕೊಳೆತವು. ಮನೆಮಂದಿ ಹಡಗಿನಲ್ಲಿ ಬರುವ ಅಕ್ಕಿಗೆ ಬಾಯಿಬಿಟ್ಟು ಕೂರುವಂತಾಯಿತು. ಉಳಿದದ್ದು ಒಂದೇ ಒಂದು ಮರಿಗಿಡ.

ಅದನ್ನು ತೆಂಗಿನ ಗರಿಯಲ್ಲಿ ಸುತ್ತಿಕೊಂಡು ಅವನು ಅರೆಟಾಳ ಬಾಗಿಲಿಗೆ ಬಂದ. ಅವಳ ಹೊಂಡ ಎರಡೂ ದಂಡೆಗೆ ದೂರವಾಗಿ, ದ್ವೀಪದ ನಟ್ಟನಡುವೆ ಇತ್ತು.

“ಒಂದು ಮೂಲೆ ಕೊಡೇ. ನಿನ್ನ ಗಿಡಗಳು ಹೇಗೂ ಸಣಕಲು, ಜಾಗ ದಂಡ.”

ನೆಂಟರು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವ ರೂಢಿ ಅಲ್ಲಿಲ್ಲ. ಆದರೆ ಅವಳ ಹೊಂಡದ ನೀರೂ ಹತ್ತು ದಿನದಿಂದ ಉಪ್ಪುಪ್ಪು.

“ಯಾವ ಮೂಲೆ ಬೇಕಾದ್ರೂ ತಗೊಳ್ಳಿ ಮಾವ. ಆದ್ರೆ...”

ಅವನಾಗಲೇ ಹೊಂಡಕ್ಕಿಳಿದಿದ್ದ. ಬೆರಳದ್ದಿ ನೆಕ್ಕಿದ. ಬಹಳ ಹೊತ್ತು ಬಾಯಿ ಚಪ್ಪರಿಸಿದ. ಆಮೇಲೆ ಏನೂ ಆಗದವನಂತೆ ಗರಿ ಬಿಚ್ಚಿ, ಮರಿಯನ್ನು ಕೆಸರಿನಲ್ಲಿ ಊರಿ, ಎರಡೂ ಅಂಗೈಯಿಂದ ಮಣ್ಣು ಒತ್ತಿದ. ತಲೆಯೆತ್ತಿ ಅರೆಟಾಳನ್ನು ಕೇಳಿಕೊಂಡದ್ದು ಒಂದೇ ಮಾತು. ಅವನು ಅವಳನ್ನು ಕೇಳಿದ ಕಡೆಯ ಮಾತೂ ಅದೇ.

“ಉಪ್ಪಿದೆ ಅಂತ ಇದಕ್ಕೆ ಹೇಳ್ಬೇಡ ಕಣೇ.”